ಈನಸ್ ಬಿಟ್ಟು ಓದುತ್ತಿದ್ದ ಸಾಲು

ಗಂಡನಿಗೆ ಚೀಟಿ ಬೀಳಬಾರದೆಂದು ಸಲೋಮ ದೇವರ ಲೆಕ್ಕದಲ್ಲಿ ಕೈಯಾಡಿಸಿದಳು. ಅವಳನ್ನು ಬಲ್ಲವರು ಇದನ್ನು ನಂಬುವುದು ಕಷ್ಟ. ಅಮೆರಿಕದ ಓಹಾಯೋದಲ್ಲಿ, ಕರೆಂಟು ಕಾರು ಬೇಡವೆಂದು ಹಳೆಯ ಕ್ರೈಸ್ತ ಕಟ್ಟಳೆಯಲ್ಲಿ ಬದುಕುವ ಆ ಸೀಮೆಯ ಆಮಿಶ್ ಹೆಂಗಸರಲ್ಲೇ ಸಾಧು ಎನಿಸಿಕೊಂಡವಳು. ಪಕ್ಕದವರ ಕೋಳಿ ತನ್ನ ಅಂಗಳಕ್ಕೆ ಬಂದು ಮೊಟ್ಟೆಯಿಟ್ಟರೆ ಆ ಮೊಟ್ಟೆಯನ್ನು ಒಯ್ದು ಕೊಟ್ಟು, ಎರಡು ಮಾತಾಡಿ ಬರುವವಳು. ಆದರೆ ಹೆದರಿಕೆ ಹೊಕ್ಕ ಮನೆಯಲ್ಲಿ ಸಾಧುತನಕ್ಕೆ ಜಾಗ ಸಾಲುವುದಿಲ್ಲ, ಏನು ಮಾಡುವುದು.

ಅವರ ಸಭೆಯ ಹಿರಿಯ ಬೋಧಕ ಚಳಿಗಾಲದಲ್ಲಿ ತೀರಿಕೊಂಡಿದ್ದ. ಆ ಜಾಗಕ್ಕೆ ಇನ್ನೊಬ್ಬ ಬೇಕಿತ್ತು. ಅವರಲ್ಲಿ ಬೋಧಕನಾಗಲು ಯಾರೂ ಓದುವುದಿಲ್ಲ, ಅದಕ್ಕೆ ಸಂಬಳವೂ ಇಲ್ಲ. ನಾನಾಗುತ್ತೇನೆ ಎಂದು ಯಾವನಾದರೂ ಮುಂದೆ ಬಂದರೆ ಅವನಷ್ಟು ಅಯೋಗ್ಯ ಬೇರೆ ಇಲ್ಲವೆಂದು ತೀರ್ಮಾನವಾಗುತ್ತದೆ. ವಸಂತದ ಪ್ರಭುಭೋಜನದ ದಿನ ಗಂಡಸರು ಹೆಂಗಸರೆನ್ನದೆ ಎಲ್ಲರೂ ಸಾಲಾಗಿ ಹೋಗಿ, ಅರೆತೆರೆದ ಬಾಗಿಲ ಹಿಂದೆ ಕೂತ ಬಿಷಪ್ಪರ ಕಿವಿಯಲ್ಲಿ ಒಬ್ಬೊಬ್ಬನ ಹೆಸರು ಪಿಸುಗುಡಬೇಕು. ಮೂವರ ಬಾಯಲ್ಲಿ ಬಂದ ಹೆಸರಿಗೆ ಒಂದು ಹಾಡಿನ ಪುಸ್ತಕ. ಹಾಗೆ ಬಂದವರಿಗೆಲ್ಲ ಒಂದೊಂದು ಪುಸ್ತಕ ಮೇಜಿನ ಮೇಲೆ ಸಾಲಾಗಿ ನಿಲ್ಲುತ್ತದೆ; ಒಂದರೊಳಗೆ ಮಾತ್ರ ಚೀಟಿ ಇರುತ್ತದೆ. ಅದು ಯಾರ ಕೈಗೆ ಬಂತೋ ಅವನು ಸಾಯುವವರೆಗೂ ಬೋಧಕ. ಬೇಡ ಎನ್ನುವ ಹಾಗಿಲ್ಲ, ದೀಕ್ಷಾಸ್ನಾನದ ದಿನವೇ ಆ ಮಾತು ಕೊಟ್ಟಾಗಿರುತ್ತದೆ. ಕೊಟ್ಟ ಮಾತು ಮುರಿದವನನ್ನು ಸಭೆ ಹೊರಗಿಡುತ್ತದೆ, ಹೊರಗಿಟ್ಟವನ ಜೊತೆ ಹೆಂಡತಿ ಕೂಡ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ.

ಪ್ರಭುಭೋಜನಕ್ಕೆ ಎರಡು ದಿನ ಮೊದಲು ಹಾಲು ಕರೆಯುತ್ತ ಕೂತಾಗ ಗಂಡ ಈನಸ್ ಹೇಳಿದ್ದ. ಹಸುವಿನ ಹೊಟ್ಟೆಗೆ ಹಣೆಯೊತ್ತಿ, ಅವಳ ಕಡೆ ನೋಡದೆ.

"ನನ್ನ ಹೆಸರು ಬಂದೇ ಬರುತ್ತೆ ಸಲೋಮ. ಮಗನ್ನ ಕಳಕೊಂಡೋನು, ದೇವರಿಗೆ ಹತ್ತಿರ ಇರ್ತಾನೆ ಅಂದ್ಕೊಂಡಿದ್ದಾರೆ ಜನ."

"ಹೆಸರು ಬಂದ್ರೆ ಬರಲಿ ಬಿಡು. ಚೀಟಿ ಬರ್ಬೇಕಲ್ಲ."

"ಬಂದ್ರೆ ನಾನು ಎದ್ದು ಹೊರಗೆ ಹೋಗ್ತೀನಿ. ಆಮೇಲೆ ಒಂದು ಮಾತೂ ಹೇಳ್ಲಿಲ್ಲ ಅನ್ಬೇಡ."

ಅವಳು ಬಕೆಟ್ಟು ಎತ್ತಿಕೊಂಡು ಮುಂದಿನ ಹಸುವಿನ ಬಳಿ ಹೋದಳು.

ಹೋದ ಅಕ್ಟೋಬರಿನಲ್ಲಿ ಅವರ ಮಗ ಏಡನ್, ಐದು ವರ್ಷದವನು, ಕೊಟ್ಟಿಗೆಯ ಅಟ್ಟದಿಂದ ಬಿದ್ದು ಸತ್ತಿದ್ದ. ಅಟ್ಟದಲ್ಲಿ ಒಂದು ಕಂಡಿ ಇದೆ, ಮೇಲಿನಿಂದ ಹುಲ್ಲು ತಳ್ಳಿದರೆ ನೇರ ಹಸುಗಳ ಮುಂದೆ ಬೀಳುತ್ತದೆ. ಕೆಲಸ ಮುಗಿದ ಮೇಲೆ ಅದಕ್ಕೆ ಹಲಗೆ ಮುಚ್ಚಬೇಕು. ಆ ದಿನ ರಸ್ತೆಯಿಂದ ಯಾರೋ ಕರೆದರೆಂದು ಈನಸ್ ಅರ್ಧದಲ್ಲೇ ಇಳಿದು ಹೋದ. ಬೆಕ್ಕಿನ ಮರಿ ಹುಡುಕಿಕೊಂಡು ಏಡನ್ ಹತ್ತಿದ. ಕೆಳಗೆ ಸಿಮೆಂಟಿನ ನೆಲ.

ಸಭೆಗೆ ಸಭೆಯೇ ಬಂದು ನಿಂತಿತು. ಹಾಲು ಕರೆದರು, ಗೋಡೆ ತೊಳೆದರು, ಮೇಜಿನ ತುಂಬ ಒಣಸೇಬಿನ ಕಡುಬು ಜೋಡಿಸಿದರು. ಬಾಗಿಲಲ್ಲಿ ನಿಂತು ಎಲ್ಲರೂ ಒಂದೇ ಮಾತು ಹೇಳಿದರು: ದೇವರ ಚಿತ್ತ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಕುದುರೆಗಳ ತೊಗಲಪಟ್ಟಿ ಹೊಲಿಯುವ ನೆರೆಮನೆಯ ರೋಮನ್ ಕೂಡ ಅದನ್ನೇ ಹೇಳಿ ಹೋದ, ಆದರೆ ಮಾರನೆಯ ಬೆಳಿಗ್ಗೆ ಮತ್ತೆ ಬಂದ. ಈನಸ್‌ಗೆ ಇನ್ನು ಆ ಅಟ್ಟ ಹತ್ತಲಾಗದೆಂದು ಯಾರು ಹೇಳಿದರೋ, ಚಳಿಗಾಲ ಪೂರ್ತಿ ದಿನಾ ಬಂದು ಹುಲ್ಲು ತಳ್ಳಿ, ಹಲಗೆ ಮುಚ್ಚಿ, ವಾಚಾಳಿಯಾದವನು ಅದೊಂದರ ಬಗ್ಗೆ ಮಾತ್ರ ತುಟಿ ಬಿಚ್ಚದೆ ಹೋಗುತ್ತಿದ್ದ.

ಅಂದಿನಿಂದ ಆ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಒಂದು ತೂತು ಬಿದ್ದಿತು. ಈನಸ್, ಸಲೋಮ, ಎಂಟು ವರ್ಷದ ಲೀಯಾ ಕುರ್ಚಿಗಳ ಮುಂದೆ ಮೊಣಕಾಲೂರುತ್ತಾರೆ. ಈನಸ್ ಗಟ್ಟಿಯಾಗಿ ಓದುತ್ತಾನೆ. ಕೊನೆಯಲ್ಲಿ ಪ್ರಭು ಕಲಿಸಿದ ಪ್ರಾರ್ಥನೆ. ನಿನ್ನ ರಾಜ್ಯ ಬರಲಿ ಎನ್ನುವವರೆಗೆ ದನಿ ಸರಿಯಿರುತ್ತದೆ, ಅಲ್ಲಿಗೆ ನಿಲ್ಲುತ್ತದೆ. ನಿನ್ನ ಚಿತ್ತ ನೆರವೇರಲಿ ಎಂಬ ಸಾಲು ಬರಬೇಕಾದ ಜಾಗದಲ್ಲಿ ಗೋಡೆ ಗಡಿಯಾರ ಕೇಳಿಸುತ್ತದೆ. ಆ ಹೊತ್ತಿನಲ್ಲಿ ಸಲೋಮ ತುಟಿಯೊಳಗೇ ಆ ಸಾಲು ಹೇಳಿ ಮುಗಿಸುತ್ತಾಳೆ. ಆಮೇಲೆ ಈನಸ್ ದಿನದ ರೊಟ್ಟಿ ಕೇಳುವ ಸಾಲಿನಿಂದ ಮುಂದುವರಿಯುತ್ತಾನೆ.

"ಅಪ್ಪ ಯಾಕಮ್ಮಾ ಅಲ್ಲಿ ನಿಲ್ಲಿಸ್ತಾರೆ?" ಎಂದು ಲೀಯಾ ಒಮ್ಮೆ ಕೇಳಿದಳು.

"ಕಣ್ಣು ಮಂಜಾಗುತ್ತೆ ಅವರಿಗೆ. ಸಾಲು ತಪ್ಪುತ್ತೆ" ಎಂದು ಸಲೋಮ ಹೇಳಿದಳು. ಹೇಳಿ, ಅಡಿಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಇಂಥವನು ಬೋಧಕನಾದರೆ ಎರಡೇ ದಾರಿ. ಎದ್ದು ಹೋದರೆ ಸಭೆ ಹೊರಗಿಡುತ್ತದೆ. ಹೋಗದಿದ್ದರೆ ವಾರ ಬಿಟ್ಟು ವಾರ ಜನರೆದುರು ನಿಂತು ಬಾಯಿಗೆ ಬಾರದ ಮಾತನ್ನು ಹೇಳುತ್ತ ಒಳಗೊಳಗೇ ಒಡೆದುಹೋಗುತ್ತಾನೆ. ಮಗನನ್ನು ಕಳೆದುಕೊಂಡಾಗಿತ್ತು. ಇನ್ನು ಗಂಡನನ್ನೂ ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

ಆದ್ದರಿಂದ ಪ್ರಭುಭೋಜನದ ದಿನ ಬಾಗಿಲ ಸಂದಿಯಲ್ಲಿ ತನ್ನ ಸರದಿ ಬಂದಾಗ ಅವಳು ಯೋಗ್ಯ ಯಾರೆಂದು ಯೋಚಿಸಲಿಲ್ಲ. ಒಂದೇ ಒಂದು ಹೆಸರು ಹೆಚ್ಚಾದರೆ ಒಂದು ಪುಸ್ತಕ ಹೆಚ್ಚಾಗುತ್ತದೆ, ಪುಸ್ತಕ ಹೆಚ್ಚಾದಷ್ಟೂ ಈನಸ್ ಬದುಕಿದ, ಅಷ್ಟೇ ಅವಳ ಲೆಕ್ಕ. ಮಾತುಗಾರ, ನಗುಮುಖದವನು, ಇನ್ನಿಬ್ಬರಾದರೂ ಹೇಳಿಯೇ ಹೇಳುವ ಹೆಸರು ಯಾವುದು? ಬಾಯಿಗೆ ಬಂದದ್ದು ರೋಮನ್. ದಿನಾ ಬೆಳಿಗ್ಗೆ ತನ್ನ ಹಸುಗಳಿಗೆ ಹುಲ್ಲು ತಳ್ಳುವವನನ್ನೇ ಅವಳು ಬಲಿಗೆ ಮುಂದೆ ತಳ್ಳಿದಳು. ಬಾಗಿಲಾಚೆ ಬಿಷಪ್ ಎಫ್ರಾಯಿಮ್ ಹೂಂ ಎಂದರು.

ಮರಳಿ ಬಂದು ಕೂತಾಗ ಪಕ್ಕದಲ್ಲಿ ರೋಮನ್‌ನ ಹೆಂಡತಿ ಐಡಾ ಇದ್ದಳು. "ನಮ್ಮೋರ ಹೆಸರು ಬರಲ್ಲ ಬಿಡು. ಅವರು ಬೋಧನೆಗೆ ನಿಂತ್ರೆ ಮಧ್ಯಾಹ್ನದ ಊಟ ಸಾಯಂಕಾಲಕ್ಕೇ" ಎಂದು ಪಿಸುಗುಟ್ಟಿ ನಕ್ಕಳು. ನಗು ಅರ್ಧದಲ್ಲಿರುವಾಗ ಬಿಷಪ್ ಹೆಸರು ಓದತೊಡಗಿದರು. ಏಳು ಹೆಸರು. ವಯಸ್ಸಿನ ಪ್ರಕಾರ ಆರನೆಯವನು ರೋಮನ್, ಎಲ್ಲರಿಗಿಂತ ಕಿರಿಯ ಈನಸ್ ಕೊನೆಯವನು. ಐಡಾ ಸಲೋಮಳ ಕೈಯನ್ನು ಉಗುರು ನಾಟುವಷ್ಟು ಗಟ್ಟಿಯಾಗಿ ಹಿಡಿದಳು.

ಹಾಡು ಎತ್ತಿದರು. ಅವರ ಹಾಡು ಬಲು ನಿಧಾನ, ಒಂದೊಂದು ಅಕ್ಷರವನ್ನೂ ಎಳೆದು ಎಳೆದು ಹಾಡುತ್ತಾರೆ. ಒಬ್ಬರ ಉಸಿರಿಗೆ ಒಂದು ಸಾಲು ದಕ್ಕುವುದಿಲ್ಲ. ಸಲೋಮಳಿಗೆ ಅಂದು ಅರ್ಧ ಸಾಲಿಗೂ ಉಸಿರು ಬರಲಿಲ್ಲ. ಬಾಯಿ ತೆರೆದು ಕೂತಳು. ಹಾಡು ಅವಳನ್ನು ಬಿಟ್ಟು ಮುಂದೆ ಹೋಯಿತು.

ಗಂಡಸರು ಒಬ್ಬೊಬ್ಬರಾಗಿ ಮೇಜಿನ ಬಳಿ ಹೋಗಿ ದಾರ ಕಟ್ಟಿದ ಪುಸ್ತಕ ಎತ್ತಿಕೊಂಡರು. ರೋಮನ್‌ನ ಸರದಿ ಬಂದಾಗ ಮೇಜಿನ ಮೇಲೆ ಎರಡೇ ಉಳಿದಿದ್ದವು. ಅವನು ಎಡಗಡೆಯದಕ್ಕೆ ಕೈ ಚಾಚಿದ. ಬೆರಳು ತಾಗಿತು. ಏನನ್ನಿಸಿತೋ, ಕೈ ಹಿಂತೆಗೆದು ಬಲಗಡೆಯದನ್ನು ಎತ್ತಿಕೊಂಡ. ಅವನು ಬಿಟ್ಟದ್ದನ್ನು ಈನಸ್ ತೆಗೆದುಕೊಂಡ.

ಬಿಷಪ್ ಹಿರಿಯನಿಂದ ಶುರುಮಾಡಿ ಪುಸ್ತಕ ಬಿಚ್ಚುತ್ತ ಬಂದರು. ಮೊದಲನೆಯದರಲ್ಲಿ ಇಲ್ಲ. ಎರಡನೆಯದರಲ್ಲಿ ಇಲ್ಲ. ಒಂದೊಂದು ಪುಸ್ತಕ ಮುಚ್ಚಿದಾಗಲೂ ಹೆಂಗಸರ ಕಡೆ ಎಲ್ಲೋ ಒಬ್ಬಳು ಉಸಿರು ಬಿಡುವುದು ಕೇಳಿಸುತ್ತಿತ್ತು. ಐದರಲ್ಲೂ ಇರಲಿಲ್ಲ. ರೋಮನ್‌ನ ಪುಸ್ತಕ ತೆರೆದು, ಹಾಳೆ ತಿರುವಿ, ಮುಚ್ಚಿ ಅವನ ಕೈಗೇ ಕೊಟ್ಟರು. ಸಲೋಮಳ ಕೈ ಹಿಡಿದಿದ್ದ ಐಡಾಳ ಬೆರಳು ಸಡಿಲವಾಯಿತು. ಏಳನೆಯದನ್ನು ಬಿಚ್ಚುವ ಅಗತ್ಯವೇ ಇರಲಿಲ್ಲ, ಆದರೂ ಬಿಷಪ್ ದಾರ ಬಿಚ್ಚಿದರು.

ಈನಸ್ ಎದ್ದ. ಅವನ ಕಣ್ಣು ಬಾಗಿಲ ಕಡೆ ಹೋಯಿತು. ಸಲೋಮ ಅದನ್ನು ಕಂಡಳು, ಬೇರೆ ಯಾರೂ ಕಾಣಲಿಲ್ಲ. ಹೋಗಬೇಡ, ಹೋಗಬೇಡ ಎಂದು ಒಳಗೇ ಗೋಗರೆದಳು. ಆಗ ಬಿಷಪ್ ಎಫ್ರಾಯಿಮ್ ಆ ಮುದಿ ಕೈಗಳಿಂದ ಅವನ ಭುಜ ಹಿಡಿದು, ಕೆನ್ನೆಗೆ ಮುತ್ತಿಟ್ಟು, ಬೋಧಕನ ಹೊಣೆ ಒಪ್ಪಿಸಿದರು. ಒಪ್ಪಿದೆಯಾ ಎಂದು ಯಾರೂ ಕೇಳಲಿಲ್ಲ, ಅವರಲ್ಲಿ ಕೇಳುವುದಿಲ್ಲ. ಈನಸ್ ಬಿಕ್ಕಿ ಬಿಕ್ಕಿ ಅತ್ತ. ಚೀಟಿ ಬಿದ್ದವರೆಲ್ಲ ಅಳುತ್ತಾರೆ. ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಮುಂದಿನ ಆರಾಧನೆಗೆ ಎರಡು ವಾರವಿತ್ತು. ಅಂದು ಅವನು ಮೊದಲ ಬೋಧನೆ ಮಾಡಬೇಕು. ಆ ಎರಡು ವಾರ ಸಲೋಮ ಪಟ್ಟ ಪಾಡು ನಾಯಿಗೂ ಬೇಡ. ಈನಸ್ ಬೈಬಲ್ ಮುಟ್ಟಲಿಲ್ಲ, ಜಗಳವನ್ನೂ ಆಡಲಿಲ್ಲ. ಉತ್ತ, ಬಿತ್ತ, ಉಂಡ. ಅವನು ಕುದುರೆಗಾಡಿ ಹೂಡಿದರೆ ಅವಳು ಕಿಟಕಿಗೆ ಓಡುತ್ತಿದ್ದಳು, ಮರಳಿ ಬರುವವರೆಗೆ ಕಿಟಕಿ ಬಿಡುತ್ತಿರಲಿಲ್ಲ. ಇದರ ಮೇಲೆ ಆ ಪುಸ್ತಕದ ಚಿಂತೆ. ತಾನು ರೋಮನ್‌ನ ಹೆಸರು ಹೇಳದಿದ್ದರೆ ಎಡಗಡೆಯ ಪುಸ್ತಕ ಹಾಗೆ ಉಳಿಯುತ್ತಿರಲಿಲ್ಲ. ಗಂಡನನ್ನು ಉಳಿಸಲು ಹೋಗಿ ತಾನೇ ಅವನ ಕೈಗೆ ಚೀಟಿ ಇಟ್ಟೆ ಎನ್ನುವುದು ಅವಳಿಗೆ ಖಚಿತವಾಗಿಬಿಟ್ಟಿತ್ತು.

ಆರಾಧನೆಗೆ ಎರಡು ದಿನ ಉಳಿದಿದ್ದ ಶುಕ್ರವಾರ ಸಂಜೆ ಕೊಟ್ಟಿಗೆಯಿಂದ ಹಾಲು ಕರೆಯುವ ಸದ್ದು ಬರಲಿಲ್ಲ. ಹಸುಗಳು ಕೂಗುತ್ತಿದ್ದವು. ಸಲೋಮ ಹೋಗಿ ನೋಡಿದರೆ ಬಕೆಟ್ಟು ಖಾಲಿ, ಮುಕ್ಕಾಲಿ ಖಾಲಿ. ತಲೆಯೆತ್ತಿದಳು. ಅಟ್ಟದ ಕಂಡಿ ತೆರೆದಿತ್ತು, ಅದರಿಂದ ಎರಡು ಬೂಟುಗಾಲು ಕೆಳಗೆ ಇಳಿಬಿದ್ದಿದ್ದವು.

ಏಣಿ ಹೇಗೆ ಹತ್ತಿದಳೋ ಅವಳಿಗೇ ತಿಳಿಯದು. ಈನಸ್ ಕಂಡಿಯ ಅಂಚಿನಲ್ಲಿ ಕೂತು ಕೆಳಗಿನ ಸಿಮೆಂಟನ್ನು ನೋಡುತ್ತಿದ್ದ. ಹಲಗೆ ಪಕ್ಕದಲ್ಲಿತ್ತು. ಹತ್ತಿರ ಹೋದರೆ ಎಲ್ಲಿ ಜಾರಿಬಿಡುವನೋ, ಹೋಗದಿದ್ದರೆ ಏನು ಮಾಡಿಕೊಳ್ಳುವನೋ. ಅವನು ಮಾತಾಡುತ್ತಿದ್ದರೆ ಸಾಕು ಎನ್ನಿಸಿತು. ಬಾಯಿಗೆ ಬಂದದ್ದು ಅದೊಂದೇ.

"ಈನಸ್, ನಾನೊಂದು ತಪ್ಪು ಮಾಡಿದ್ದೀನಿ. ಬಾಗಿಲ ಹತ್ರ ನಾನು ರೋಮನ್ ಹೆಸರು ಹೇಳ್ದೆ."

ಅವನು ತಿರುಗಿ ನೋಡಿದ. "ರೋಮನ್ನಾ? ಯಾಕೆ?"

"ಒಂದು ಪುಸ್ತಕ ಜಾಸ್ತಿ ಆಗ್ಲಿ ಅಂತ. ನಿನಗೆ ಬೀಳದೆ ಇರ್ಲಿ ಅಂತ."

ಈನಸ್ ಅವಳನ್ನೇ ನೋಡಿದ. ಗಡ್ಡ ಅಲುಗಿತು. ಅಕ್ಟೋಬರಿನಿಂದ ಕೇಳದ ಸದ್ದೊಂದು ಅವನ ಗಂಟಲಿಂದ ಬಂತು, ಅವನು ನಗುತ್ತಿದ್ದ.

"ಅಲ್ಲ ಕಣೇ, ದೇವರಿಗೇ ಕಣ್ಣು ಕಟ್ಟೋಕೆ ಹೋದ್ಯಾ? ಅದೂ ರೋಮನ್‌ನ ಇಟ್ಕೊಂಡು? ಅವನಿಗೇನಾದ್ರೂ ಬಿದ್ದಿದ್ರೆ ನಾವೆಲ್ಲ ಬುತ್ತಿ ಕಟ್ಕೊಂಡು ಹೋಗ್ಬೇಕಾಗ್ತಿತ್ತು ಆರಾಧನೆಗೆ."

ನಗುತ್ತಿದ್ದಂತೆ ಅದು ಅಳುವಾಯಿತು. ಅವಳು ಹುಲ್ಲಿನ ಮೇಲೆ ತೆವಳಿಕೊಂಡು ಹೋಗಿ ಅವನ ಅಂಗಿಯ ಬೆನ್ನನ್ನು ಎರಡು ಕೈಯಲ್ಲೂ ಹಿಡಿದು ಕೂತಳು.

"ಬೀಳೋಕೆ ಬಂದಿಲ್ಲ ನಾನು, ಹೆದರ್ಬೇಡ" ಎಂದ ಅವನು. "ಜನರ ಮುಂದೆ ನಿಲ್ಲೋಕೆ ಮೊದಲು ಇದರ ಮುಂದೆ ಕೂರೋಕಾದ್ರೂ ಆಗುತ್ತಾ ನೋಡೋಣ ಅಂತ ಬಂದೆ."

"ಎದ್ದು ಹೋಗ್ತೀನಿ ಅಂದಿದ್ದೆ."

"ಹೋಗೋಣ ಅಂತ ಎದ್ದೆ. ಮುದುಕಪ್ಪ ಭುಜ ಹಿಡ್ಕೊಂಡ್ಬಿಟ್ರು. ಆ ವಯಸ್ಸಿನೋರ ಕೈ ಕೊಡವಿ ಹೋಗೋಕಾಗುತ್ತಾ?" ಮೂಗೊರೆಸಿಕೊಂಡ. "ಭಾನುವಾರ ನಿಲ್ತೀನಿ ಸಲೋಮ. ಆದ್ರೆ ಸುಳ್ಳು ಹೇಳಲ್ಲ. ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ. ಆಮೇಲೆ ಇಟ್ಕೊಳ್ಳೋದು ಬಿಡೋದು ಅವರಿಗೆ ಬಿಟ್ಟಿದ್ದು."

ಇಬ್ಬರೂ ಸೇರಿ ಹಲಗೆ ಮುಚ್ಚಿದರು. ಸಲೋಮಳ ಒಂದು ಭಯ ಇಳಿಯಿತು, ಆ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ಪ್ರಭು ಕಲಿಸಿದ ಪ್ರಾರ್ಥನೆಯನ್ನೇ ಹೇಳಲಾಗದ ಬೋಧಕನನ್ನು ಯಾವ ಸಭೆ ಇಟ್ಟುಕೊಳ್ಳುತ್ತದೆ?

ಅವರಿಗೆ ಚರ್ಚಿನ ಕಟ್ಟಡವಿಲ್ಲ, ಆರಾಧನೆ ಸರದಿಯ ಮೇಲೆ ಮನೆಗಳಲ್ಲೇ; ಆ ಭಾನುವಾರ ಐಡಾಳ ಮನೆಯಲ್ಲಿ. ಗೋಡೆಹಲಗೆ ಸರಿಸಿ ಎರಡು ಕೋಣೆ ಒಂದು ಮಾಡಿ ಬೆಂಚು ಹಾಕಿದ್ದರು. ಜನ ಹಾಡುವಾಗ ಬೋಧಕರೆಲ್ಲ ಮೇಲಿನ ಕೋಣೆಗೆ ಹೋಗಿ ಮಾತಾಡಿಕೊಳ್ಳುವುದು ಪದ್ಧತಿ. ಈನಸ್ ಅವರ ಹಿಂದೆ ಮೆಟ್ಟಿಲು ಹತ್ತಿದ. ಮೂರನೆಯ ಹಾಡಿನ ನಡುವೆ ಬೂಟಿನ ಸದ್ದು ಇಳಿಯಿತು. ಬಿಷಪ್ ಬಂದರು, ಇನ್ನೊಬ್ಬ ಬೋಧಕ ಬಂದ, ಸಭೆಯ ಶಿಸ್ತು ನೋಡಿಕೊಳ್ಳುವ ಡೀಕನ್ ಜೋಯಲ್ ಬಂದ. ಆಮೇಲೆ ಮೆಟ್ಟಿಲು ಖಾಲಿ. ಮೇಲಿನ ಕೋಣೆಗೆ ಹೊರಗಿನಿಂದಲೂ ಒಂದು ಏಣಿ ಇತ್ತೇ, ಕಿಟಕಿ ಎಷ್ಟೆತ್ತರ ಎಂದು ಸಲೋಮ ನೆನಪು ಮಾಡಿಕೊಳ್ಳುತ್ತಿದ್ದಾಗ ಈನಸ್ ಇಳಿದು ಬಂದ. ಮುಖಕ್ಕೆ ಸುಣ್ಣ ಬಳಿದಂತಿತ್ತು.

ಹಾಡು ನಿಂತಿತು. ಅವನು ಎದ್ದು ಬೆಂಚುಗಳ ನಡುವೆ ನಿಂತ. ಮಗುವೊಂದು ಚಮಚ ಬೀಳಿಸಿತು.

"ನಾನು ಇಲ್ಲಿ ನಿಲ್ಲೋಕೆ ಯೋಗ್ಯ ಅಲ್ಲ" ಎಂದು ಈನಸ್ ಶುರುಮಾಡಿದ.

ಮುದುಕರು ಸಮಾಧಾನದಿಂದ ತಲೆಯಾಡಿಸಿದರು. ಅವರಲ್ಲಿ ಪ್ರತಿಯೊಬ್ಬ ಬೋಧಕನೂ ಹೀಗೆಯೇ ಶುರುಮಾಡುವುದು. ನಾನು ಅಯೋಗ್ಯ, ನಾನು ದುರ್ಬಲ, ನನಗಿಂತ ನೀವು ಬಲ್ಲವರು ಎಂದು ಎಷ್ಟು ಹೊತ್ತು ತಗ್ಗಿಕೊಂಡರೆ ಅಷ್ಟು ಒಳ್ಳೆಯದು.

"ನಿಮಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ."

ಮತ್ತೆ ತಲೆಯಾಡಿಸಿದರು.

"ಪ್ರಾರ್ಥನೆ ಮಾಡೋಕೂ ಬರಲ್ಲ ನನಗೆ."

"ಎಷ್ಟು ಚೆನ್ನಾಗಿ ತಗ್ಗಿಸ್ಕೊಳ್ತಾನೆ ನೋಡೇ" ಎಂದು ಐಡಾ ಸಲೋಮಳ ಕಿವಿಯಲ್ಲಿ ಹೇಳಿದಳು. "ಹುಟ್ಟು ಬೋಧಕ."

ಅವನು ಎದೆ ಸೀಳಿ ತೋರಿಸುತ್ತಿದ್ದಾನೆ, ಇವರು ಪದ್ಧತಿ ಎಂದು ಮೆಚ್ಚಿಕೊಳ್ಳುತ್ತಿದ್ದಾರೆ. ಇಲ್ಲಿಗೇ ನಿಲ್ಲಿಸಿಬಿಡಲಿ, ನೋಹನದೋ ಅಬ್ರಹಾಮನದೋ ಎರಡು ಮಾತು ಹೇಳಿ ಕೂತುಬಿಡಲಿ, ಯಾರಿಗೂ ಏನೂ ತಿಳಿಯುವುದಿಲ್ಲ ಎಂದು ಸಲೋಮಳ ಹೇಡಿ ಮನಸ್ಸು ಬೇಡಿಕೊಂಡಿತು. ಈನಸ್ ಆಡುತ್ತಿರುವ ತಲೆಗಳನ್ನು ನೋಡುತ್ತ ನಿಂತಿದ್ದ.

"ತಲೆ ಆಡಿಸ್ಬೇಡಿ" ಎಂದ. "ನಾನು ಪದ್ಧತಿಗೆ ಹೇಳ್ತಿಲ್ಲ."

ತಲೆಗಳು ಇದ್ದಲ್ಲೇ ನಿಂತವು.

"ಅಕ್ಟೋಬರಿಂದ ನಾನು ಪ್ರಭುವಿನ ಪ್ರಾರ್ಥನೆ ಪೂರ್ತಿ ಹೇಳಿಲ್ಲ. ನಿನ್ನ ಚಿತ್ತ ನೆರವೇರಲಿ ಅನ್ನೋ ಸಾಲು ಬಿಟ್ಟು ಓದ್ತೀನಿ. ನೀವೆಲ್ಲ ನಮ್ಮನೆಗೆ ಬಂದು ದೇವರ ಚಿತ್ತ ಅಂದ್ರಿ. ಆ ಕಂಡಿ ತೆಗೆದಿಟ್ಟು ಹೋದೋನು ನಾನು, ದೇವರಲ್ಲ. ನಾನು ಮರೆತಿದ್ದನ್ನ ಅವನ ತಲೆಗೆ ಕಟ್ಟಿ ನಾನು ನೆಮ್ಮದಿಯಾಗಿ ಮಲಗೋದು ಹೆಂಗೆ? ಅದಕ್ಕೆ ಆ ಸಾಲು ಬಾಯಿಗೆ ಬರಲ್ಲ." ಅವನ ಕೈ ಕೋಟಿನ ಅಂಚನ್ನು ತಿರುಚುತ್ತಿತ್ತು. "ನಂಬಿಕೆ ಹೋಗಿಲ್ಲ. ಹೋಗಿದ್ರೆ ಸಲೀಸಾಗ್ತಿತ್ತು. ದಿನಾ ಅವನ ಮುಂದೆ ಮೊಣಕಾಲೂರ್ತೀನಿ. ಆ ಸಾಲಿಗೆ ಬರ್ತಿದ್ದ ಹಾಗೆ ನಿಂತು ಹೋಗ್ತೀನಿ. ಆಮೇಲೆ ನಾಚಿಕೆ ಬಿಟ್ಟು ರೊಟ್ಟಿ ಕೇಳ್ತೀನಿ. ಅವನು ಒಂದು ದಿನಾನೂ ರೊಟ್ಟಿ ಕೊಡೋದು ನಿಲ್ಲಿಸಿಲ್ಲ. ದಿನಾ ಬೆಳಿಗ್ಗೆ ಯಾರನ್ನಾದ್ರೂ ಕಳಿಸ್ತಾನೆ, ನಮ್ಮ ಹಸುಗಳಿಗೆ ಹುಲ್ಲು ತಳ್ಳೋಕೆ. ನನಗೆ ಗೊತ್ತಿರೋ ಬೋಧನೆ ಅದಿಷ್ಟೇ."

ಕೂತುಬಿಟ್ಟ. ಅರ್ಧ ಗಂಟೆ ಆಗಬೇಕಿದ್ದದ್ದು ಹಾಲು ಕಾಯುವಷ್ಟರಲ್ಲಿ ಮುಗಿದಿತ್ತು. ಎಲ್ಲರೂ ಮೊಣಕಾಲೂರಿ ಮೌನ ಪ್ರಾರ್ಥನೆ ಮಾಡಿದರು. ಆಮೇಲೆ ಬಿಷಪ್ ಎಫ್ರಾಯಿಮ್ ಎದ್ದು ತಮ್ಮ ದೊಡ್ಡ ಬೋಧನೆ ಮಾಡಿದರು. ಅದರಲ್ಲಿ ಒಂದು ಪದವೂ ಸಲೋಮಳ ತಲೆಗೆ ಹೋಗಲಿಲ್ಲ. ಅವಳು ಕಾಯುತ್ತಿದ್ದದ್ದು ಸಾಕ್ಷಿಯ ಹೊತ್ತಿಗೆ.

ಬೋಧನೆ ಮುಗಿದ ಮೇಲೆ ಬಿಷಪ್ ಕೆಲವರ ಹೆಸರು ಕರೆಯುತ್ತಾರೆ. ಕೇಳಿದ್ದರಲ್ಲಿ ತಪ್ಪಿದ್ದರೆ ಅವರು ಕೂತಲ್ಲಿಂದಲೇ ತಿದ್ದಬೇಕು. ಸಾಮಾನ್ಯವಾಗಿ ಎಲ್ಲ ವಾಕ್ಯಕ್ಕೆ ಸರಿಯಾಗಿದೆ ಎಂದು ಹೇಳಿ ಮುಗಿಸುತ್ತಾರೆ, ಅಷ್ಟು ಹೊತ್ತಿಗೆ ಎಲ್ಲರಿಗೂ ಹಸಿವಾಗಿರುತ್ತದೆ. ಅಂದು ಯಾರಿಗೂ ಹಸಿವಿರಲಿಲ್ಲ.

ಮೊದಲು ಡೀಕನ್ ಜೋಯಲ್. ಟೋಪಿಯ ಅಂಚು ಒಂದು ಬೆರಳು ಕಮ್ಮಿಯಾದರೂ ಹುಡುಗರ ಮನೆಗೆ ಹೋಗಿ ಎಚ್ಚರಿಸಿ ಬರುವ ಮನುಷ್ಯ.

"ಪ್ರಭು ಕಲಿಸಿದ ಪ್ರಾರ್ಥನೇಲಿ ಬೇಕಾದ ಸಾಲು ಇಟ್ಕೊಂಡು ಬೇಡದ್ದು ಬಿಡೋ ಅಧಿಕಾರ ಯಾರಿಗೂ ಇಲ್ಲ" ಎಂದ. "ಅದನ್ನ ನಾನು ಹೇಳ್ಲೇಬೇಕು."

ಸಲೋಮಳಿಗೆ ಒಂದು ಮೇಜಿನಲ್ಲಿ ಒಬ್ಬನೇ ಕೂತು ಉಣ್ಣುವ ಈನಸ್, ಇನ್ನೊಂದು ಮೇಜಿನಲ್ಲಿ ತಾನು ಮತ್ತು ಲೀಯಾ, ಇಷ್ಟೂ ಕಾಣಿಸಿತು. ಜೋಯಲ್ ನೆಲ ನೋಡಿದ. "ಉಳಿದದ್ದಕ್ಕೆ ನನ್ನ ತಕರಾರಿಲ್ಲ" ಎಂದ.

ಬಿಷಪ್ ರೋಮನ್‌ನ ಹೆಸರು ಕರೆದರು. ಜನ ಬೆಂಚಿನ ಮೇಲೆ ಸರಿಯಾಗಿ ಕೂತರು. ರೋಮನ್ ಶುರುಮಾಡಿದರೆ ಬೇಗ ಮುಗಿಯುವುದಿಲ್ಲ. ಆದರೆ ಅವನಿಗೆ ಮಾತೇ ಹೊರಡಲಿಲ್ಲ. ಕೆಂಪಗಿನ ಮುಖ ಇನ್ನೂ ಕೆಂಪಾಯಿತು.

"ಆ ದಿನ ಬಾಗಿಲಲ್ಲಿ ನಿಂತು ಆ ಮಾತು ನಾನೂ ಅಂದೆ" ಎಂದ. "ಬೇರೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ, ಅದಕ್ಕೆ ಅಂದೆ. ತಿದ್ದೋದು ಏನಾದ್ರೂ ಇದ್ರೆ ಅದು ನನ್ನದು."

ಕೊನೆಗೆ ಬಿಷಪ್ ತಮ್ಮದೇ ಸಾಕ್ಷಿಗೆ ಬಂದರು. ಅವರ ದನಿ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು.

"ಜೋಯಲ್ ಹೇಳಿದ್ದು ಸರಿ. ಸಾಲು ಬಿಡೋ ಹಾಗಿಲ್ಲ. ಆದ್ರೆ ಒಂದು ಕೇಳ್ತೀನಿ. ನಮ್ಮ ಹಾಡಲ್ಲಿ ಒಂದು ಸಾಲನ್ನ ಒಂದೇ ಉಸಿರಲ್ಲಿ ಮುಗಿಸೋರು ಯಾರಾದ್ರೂ ಇದ್ದೀರಾ ಇಲ್ಲಿ? ನನಗಂತೂ ಈಗ ಅರ್ಧಕ್ಕೂ ಉಸಿರಿಲ್ಲ. ಬಾಯಿ ಮುಚ್ಕೊಂಡು ಕೂರ್ತೀನಿ. ಹಾಡು ನಿಂತು ಹೋಯ್ತಾ? ನೀವು ಹಿಡ್ಕೊಂಡಿರ್ತೀರಿ. ಉಸಿರು ಬಂದ್ಮೇಲೆ ನಾನೂ ಸೇರ್ಕೊಳ್ತೀನಿ. ಎಫ್ರಾಯಿಮ್ ಎಲ್ಲಿ ಬಿಟ್ಟ, ಎಲ್ಲಿ ಸೇರ್ಕೊಂಡ ಅಂತ ಯಾರೂ ಲೆಕ್ಕ ಇಟ್ಟಿಲ್ಲ." ಸ್ವಲ್ಪ ಸುಧಾರಿಸಿಕೊಂಡರು. "ಈನಸ್‌ಗೆ ಆ ಸಾಲಿಗೆ ಉಸಿರು ಸಾಲ್ತಿಲ್ಲ. ಬರೋವರೆಗೆ ನಾವು ಹಿಡ್ಕೊಂಡಿರೋಣ. ಅದಕ್ಕೇ ಅಲ್ವಾ ನಾವು ಒಂದು ಮನೇಲಿ ಕೂರೋದು. ಅವನು ಹೇಳಿದ್ದರಲ್ಲಿ ತಿದ್ದೋಕೆ ನನಗೇನೂ ಕಾಣ್ಲಿಲ್ಲ."

ಅಷ್ಟೇ. ಯಾರೂ ಅಪ್ಪಿಕೊಳ್ಳಲಿಲ್ಲ, ಕಣ್ಣೀರು ಸುರಿಸಲಿಲ್ಲ. ಅವರು ಅಂಥ ಜನ ಅಲ್ಲ. ಬೆಂಚುಗಳನ್ನು ಜೋಡಿಸಿ ಮೇಜು ಮಾಡಿದರು, ರೊಟ್ಟಿ, ಉಪ್ಪಿನಕಾಯಿ, ಕಾಫಿ ಬಂತು. ಸಲೋಮ ಅಡಿಗೆಮನೆಯಲ್ಲಿ ಐಡಾಳನ್ನು ಪಕ್ಕಕ್ಕೆ ಕರೆದು, ಬಾಗಿಲ ಬಳಿ ತಾನು ಯಾರ ಹೆಸರು ಹೇಳಿದೆ, ಯಾಕೆ ಹೇಳಿದೆ ಎಂಬುದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು. ಐಡಾ ಕಾಫಿ ಪಾತ್ರೆ ಹಿಡಿದು ಅವಳನ್ನು ದಿಟ್ಟಿಸಿದಳು.

"ಪಾಪಿ" ಎಂದಳು. "ನಾನು ಈನಸ್ ಹೆಸರು ಹೇಳಿದ್ದೆ ಕಣೇ, ನಮ್ಮೋರು ತಪ್ಪಿಸ್ಕೊಳ್ಳಲಿ ಅಂತ. ತಗೋ, ಈ ಬಟ್ಟಲು ಹಿಡ್ಕೊ."

ಸಂಜೆ ಮನೆಯಲ್ಲಿ ಮೂವರೂ ಕುರ್ಚಿಗಳ ಮುಂದೆ ಮೊಣಕಾಲೂರಿದರು. ಈನಸ್ ಓದಿದ. ನಿನ್ನ ರಾಜ್ಯ ಬರಲಿ ಎನ್ನುವಲ್ಲಿಗೆ ಬಂದು ಎಂದಿನಂತೆ ನಿಲ್ಲಿಸಿದ. ಗಡಿಯಾರ ಕೇಳಿಸಿತು. ಸಲೋಮ ಆ ಸಾಲು ಹೇಳಲು ತುಟಿ ತೆರೆದಳು, ಆದರೆ ಆಗಲಿಲ್ಲ. ಇಡೀ ಚಳಿಗಾಲ ಗಂಡನಿಗಾಗಿ ಹೆದರಿ ಹೆದರಿ ಬಿಗಿಹಿಡಿದಿದ್ದ ಅಳು ಅಂದು, ಹೆದರಿಕೆ ಇಳಿದ ಹೊತ್ತಿನಲ್ಲಿ, ಗಂಟಲಿಗೆ ಬಂದು ಕೂತಿತ್ತು. ಏಡನ್‌ಗಾಗಿ ತಾನು ಅತ್ತೇ ಇರಲಿಲ್ಲ ಎನ್ನುವುದು ಅವಳಿಗೆ ಆಗ ತಿಳಿಯಿತು. ಕುರ್ಚಿಯ ಮೇಲೆ ಮುಖವಿಟ್ಟಳು, ಭುಜ ಅಲುಗತೊಡಗಿತು. ಸಾಲು ಹೇಳದೆ ಉಳಿಯಿತು. ಹಿಡಿಯುವವರು ಯಾರೂ ಇಲ್ಲದೆ ಆ ಮೌನ ಬೆಳೆಯುತ್ತ ಹೋಯಿತು, ಅವಳಿಗೆ ಮತ್ತೆ ಭಯವಾಯಿತು.

ಈನಸ್ ಅವಳ ಕಡೆ ತಿರುಗಿದ್ದು ಬಟ್ಟೆಯ ಸದ್ದಿನಿಂದ ಗೊತ್ತಾಯಿತು. ಅವನ ಕೈ ಅವಳ ಬೆನ್ನಿನ ಮೇಲೆ, ಅಟ್ಟದಲ್ಲಿ ಅವಳು ಅವನನ್ನು ಹಿಡಿದಿದ್ದ ಜಾಗದಲ್ಲೇ, ಬಂದು ಕೂತಿತು.

"ನಿನ್ನ ಚಿತ್ತ" ಎಂದ. ದನಿ ಒಡೆಯಿತು. ಗಂಟಲು ಸರಿಮಾಡಿಕೊಂಡು ಮೊದಲಿಂದ ಹೇಳಿದ. ಪೂರ್ತಿ ಹೇಳಿದ, ಅವಳಿಗಾಗಿ ಹೇಳಿದ. ಆಮೇಲೆ ರೊಟ್ಟಿ ಕೇಳಿದ, ಕ್ಷಮೆ ಕೇಳಿದ, ಆಮೆನ್ ಅಂದ.

ಲೀಯಾ ಕುರ್ಚಿಯ ಮೇಲಿಂದ ತಲೆಯೆತ್ತಿ ಅಪ್ಪನನ್ನು ನೋಡಿದಳು.

"ಅಪ್ಪ, ಇವತ್ತು ಕಣ್ಣು ಮಂಜಾಗ್ಲಿಲ್ವಾ?"

"ಆಗಿದೆ ಮಗಳೇ" ಎಂದ ಈನಸ್, ಒರೆಸಿಕೊಳ್ಳುತ್ತ. "ಆದ್ರೂ ಸಾಲು ಕಾಣಿಸ್ತು."